ಬಿ.ಎಚ್. ರಸ್ತೆಯ ಪೈಥಾನ್ ವಾರಾಂತ್ಯ ತರಗತಿ: ಹೋಗಬಹುದೇ?

ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ನಡೆಯುವ ಈ ಪೈಥಾನ್ (ಪ್ರೋಗ್ರಾಮಿಂಗ್ ಭಾಷೆ) ವಾರಾಂತ್ಯ ತರಬೇತಿಯಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು ಆಬ್ಜೆಕ್ಟ್‌ಗಳ (ಪ್ರೋಗ್ರಾಮಿನಲ್ಲಿ ಮಾಹಿತಿಯನ್ನು ಹಿಡಿದಿಡುವ ಘಟಕಗಳ) ಸಮಾನತೆಯನ್ನು ಕುರಿತ ಪಾಠ. ತಿಪಟೂರಿನ ಕೊಬ್ಬರಿ ಮಾರುಕಟ್ಟೆಯನ್ನು ಉದಾಹರಣೆಯಾಗಿಟ್ಟುಕೊಂಡ ಬೋಧಕರು, ಲಾಟ್ ಸಂಖ್ಯೆ, ತೂಕ ಎರಡೂ ಒಂದೇ ಆಗಿರುವ ಎರಡು ಆಬ್ಜೆಕ್ಟ್‌ಗಳನ್ನು ಹೋಲಿಸಿ ತೋರಿಸಿದಾಗ ಪರದೆಯ ಮೇಲೆ ‘ಫಾಲ್ಸ್’ (ಸಮಾನವಲ್ಲ) ಎಂದೇ ಬಂತು. ಕ್ಲಾಸಿನಲ್ಲಿ (ಆಬ್ಜೆಕ್ಟ್‌ಗಳಿಗೆ ಅಚ್ಚಿನಂತಿರುವ ಕೋಡ್‌ನಲ್ಲಿ) ನಾವೇ ಈಕ್ಯೂ ಮೆಥಡ್ (__eq__, ಎರಡು ಆಬ್ಜೆಕ್ಟ್‌ಗಳು ಸಮಾನವೇ ಎಂದು ಹೇಳುವ ಕೋಡ್) ಬರೆಯದಿದ್ದರೆ ಪೈಥಾನ್ ಒಳಗಿನ ಮೌಲ್ಯಗಳ ಗೊಡವೆಗೆ ಹೋಗದೆ, ಎರಡು ಹೆಸರುಗಳೂ ಒಂದೇ ಆಬ್ಜೆಕ್ಟನ್ನು ಸೂಚಿಸುತ್ತಿವೆಯೇ ಎಂಬುದನ್ನಷ್ಟೇ ನೋಡುತ್ತದೆ ಎಂಬುದು ಅಲ್ಲಿಯೇ ಮನದಟ್ಟಾಯಿತು. ಬೇರೆ ಬಗೆಯ ಆಬ್ಜೆಕ್ಟ್ ಎದುರಾದರೆ ನೇರವಾಗಿ ಫಾಲ್ಸ್ ಕೊಡದೆ ‘ನಾಟ್‌ಇಂಪ್ಲಿಮೆಂಟೆಡ್’ (ಈ ಹೋಲಿಕೆ ನನಗೆ ತಿಳಿಯದು ಎಂಬ ಸೂಚನೆ) ಹಿಂದಿರುಗಿಸಬೇಕು, ಆಗ ಪೈಥಾನ್ ಎದುರಿನ ಆಬ್ಜೆಕ್ಟ್‌ನ ಈಕ್ಯೂ ಮೆಥಡನ್ನೂ ವಿಚಾರಿಸುತ್ತದೆ ಎಂಬುದನ್ನು ಅವರು ಸಾವಧಾನವಾಗಿ, ಅಚ್ಚುಕಟ್ಟಾದ ಕನ್ನಡದಲ್ಲಿ ವಿವರಿಸಿದರು.

ಆದರೆ ಹ್ಯಾಶ್ (ಆಬ್ಜೆಕ್ಟನ್ನು ಬೇಗ ಹುಡುಕಲು ಅದರಿಂದ ಲೆಕ್ಕಹಾಕುವ ಸಂಖ್ಯೆ) ವಿಷಯವನ್ನು ಊಟದ ಹೊತ್ತಿಗೆ ಅವಸರದಲ್ಲಿ ಮುಗಿಸಿದ್ದು ಸರಿಯೆನಿಸಲಿಲ್ಲ. ಈಕ್ಯೂ ಬರೆದು ಹ್ಯಾಶ್ ಮೆಥಡನ್ನು ಬಿಟ್ಟರೆ, ಆ ಆಬ್ಜೆಕ್ಟನ್ನು, ಒಂದೇ ಮೌಲ್ಯ ಎರಡು ಬಾರಿ ಇರದ ಸಂಗ್ರಹವಾದ ಸೆಟ್‌ಗೆ ಸೇರಿಸಲು ಹೋದೊಡನೆ ಟೈಪ್‌ಎರರ್ ಎಂಬ ದೋಷ ಬರುತ್ತದೆ. ಕೊಬ್ಬರಿ ಒಣಗಿದಂತೆ ಇಳಿಯುವ ತೂಕದಂತಹ ಮೌಲ್ಯದ ಮೇಲೆ ಹ್ಯಾಶ್ ಕಟ್ಟಿದರಂತೂ, ಮೌಲ್ಯ ಬದಲಾದ ಮೇಲೆ ಡಿಕ್ಷನರಿಯಲ್ಲಿ (ಕೀ ಕೊಟ್ಟು ಮೌಲ್ಯ ಪಡೆಯುವ ಸಂಗ್ರಹದಲ್ಲಿ) ಇಟ್ಟ ಕೀ ಹುಡುಕಿದರೂ ಸಿಗದೇ ಹೋಗಬಹುದು. ನೌಕರಿಯಲ್ಲಿ ಕಾಡುವುದು ಇಂಥದ್ದೇ, ಸಂದರ್ಶನದಲ್ಲಿ ಕೇಳುವುದೂ ಇದನ್ನೇ! 2018ರ ಪೈಥಾನ್ 3.7ರಲ್ಲಿ ಬಂದ ಡೇಟಾಕ್ಲಾಸ್ (ಮಾಹಿತಿ ಇಡುವ ಕ್ಲಾಸನ್ನು ಸುಲಭವಾಗಿ ಬರೆಯುವ ಸೌಲಭ್ಯ) ಈಕ್ಯೂ ಮೆಥಡನ್ನು ತಾನೇ ಒದಗಿಸುತ್ತದೆ ಎಂಬುದಕ್ಕೆ ಸಿಕ್ಕಿದ್ದು ಒಂದೇ ಒಂದು ಸ್ಲೈಡ್.

ಲ್ಯಾಬಿನ ಕಂಪ್ಯೂಟರ್‌ಗಳು ನಿಧಾನ. ಸ್ವಂತ ಲ್ಯಾಪ್‌ಟಾಪ್ ಒಯ್ಯುವುದು ಲೇಸು. ಗುಬ್ಬಿ, ಕುಣಿಗಲ್ ಕಡೆಯಿಂದ ಬರುವವರಿಗೆ ಬೆಳಗಿನ ಸಮಯ ತುಸು ಕಷ್ಟವಾದರೂ, ಕ್ಲಾಸ್ ಬರೆಯಲು ಆಗಲೇ ಬಲ್ಲವರಿಗೆ ಈ ತರಗತಿಯನ್ನು ನಾನು ಶಿಫಾರಸು ಮಾಡುತ್ತೇನೆ, ತೀರ ಹೊಸಬರಿಗಲ್ಲ.