ವಾಟ್ಸಾಪ್ ಬಿಸಿನೆಸ್: ದಾನಿಗಳ ಒಪ್ಪಿಗೆ ಕೇಳಲು ಚೆನ್ನ, ಲೆಕ್ಕ ಇಡಲು ಸಾಲದು

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಗೋಶಾಲೆ, ವೃದ್ಧಾಶ್ರಮ, ಉಚಿತ ಹಾಸ್ಟೆಲ್ ನಡೆಸುವ ಸಣ್ಣ ಟ್ರಸ್ಟ್‌ಗಳಿಗೆ ದಾನಿಗಳ ಜೊತೆ ಮಾತಾಡಲು ಕೈಗೆ ಸಿಗುವ ಸಾಧನ ವಾಟ್ಸಾಪ್. ಅದರ ಬಿಸಿನೆಸ್ ಆ್ಯಪ್ ಉಚಿತ. ದಾನಿಯ ಅನುಮತಿ ಪಡೆದು ಆಮೇಲೆ ಸಂದೇಶ ಕಳಿಸುವ ಕೆಲಸಕ್ಕೆ ಅದು ಎಷ್ಟು ಒದಗುತ್ತದೆ ಎಂಬುದನ್ನಷ್ಟೇ ಇಲ್ಲಿ ನೋಡೋಣ.

ಅನುಮತಿ ಯಾಕೆ ಎನ್ನುವವರಿಗೆ: ರಸೀದಿಗೆಂದು ಬರೆಸಿದ ನಂಬರ್ ರಸೀದಿಗೆ ಮಾತ್ರ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023ರ 7ನೇ ಸೆಕ್ಷನ್‌ನಲ್ಲೇ ಔಷಧಿ ಅಂಗಡಿಯ ಉದಾಹರಣೆ ಇದೆ. ಹಣ ಕಟ್ಟಿದ್ದಕ್ಕೆ ಮೊಬೈಲಿಗೆ ರಸೀದಿ ಕಳಿಸಿ ಎಂದು ಗ್ರಾಹಕಿ ನಂಬರ್ ಕೊಟ್ಟರೆ, ಅಂಗಡಿಯವರು ಅದನ್ನು ರಸೀದಿ ಕಳಿಸಲು ಬಳಸಬಹುದು. ದೇಣಿಗೆ ಮನವಿಗೆ ಬೇರೆಯಾಗಿಯೇ ಕೇಳಬೇಕು. 6ನೇ ಸೆಕ್ಷನ್ ಪ್ರಕಾರ ಒಪ್ಪಿಗೆ ಸ್ಪಷ್ಟ ಕ್ರಿಯೆಯಿಂದ ಬರಬೇಕು, ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯಲೂ ಆಗಬೇಕು. ದಾನಿ ಸುಮ್ಮನಿದ್ದಾರೆ ಎಂದರೆ ಒಪ್ಪಿದ್ದಾರೆ ಎಂದಲ್ಲ.

ಈ ಆ್ಯಪ್‌ನಲ್ಲಿ ನಿಜವಾಗಿ ಮೆಚ್ಚುವಂಥದ್ದು ಕ್ಯೂಆರ್ ಕೋಡ್. ದಾನಿ ಸ್ಕ್ಯಾನ್ ಮಾಡಿದರೆ ಮೊದಲೇ ಬರೆದಿಟ್ಟ ಸಂದೇಶ ಅವರ ಪರದೆಯಲ್ಲಿ ತೆರೆಯುತ್ತದೆ, ಕಳಿಸುವವರು ಅವರೇ. ಹೀಗೆ ಮೊದಲ ಮಾತು ದಾನಿಯ ಕಡೆಯಿಂದ, ದಿನಾಂಕ ಸಮೇತ ಬರುತ್ತದೆ. ಅಲ್ಲಿ "ಟ್ರಸ್ಟ್‌ನ ಸುದ್ದಿ ಕಳಿಸಿ" ಎಂಬಷ್ಟೇ ಇರಲಿ. ಬಂದ ಮೇಲೆ ಕ್ವಿಕ್ ರಿಪ್ಲೈನಲ್ಲಿ (ಮೊದಲೇ ಬರೆದು ಉಳಿಸಿಟ್ಟ ಉತ್ತರ) ಕೇಳಿ: "1. ಸುದ್ದಿ ಮಾತ್ರ ಸಾಕು. 2. ದೇಣಿಗೆ ಮನವಿಯೂ ಬರಲಿ. ಬೇಡವೆನಿಸಿದ ದಿನ 'ಸಾಕು' ಎಂದು ಕಳಿಸಿ, ನಿಲ್ಲಿಸುತ್ತೇವೆ." ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಇದನ್ನೇ ಕೆಳಗೆ ತೆಲುಗಿನಲ್ಲೂ ಹಾಕಿ. ಇದಕ್ಕೆ ತಾನಾಗಿಯೇ ಹೋಗುವ ಸ್ವಾಗತ ಸಂದೇಶವಾದ ಗ್ರೀಟಿಂಗ್ ಮೆಸೇಜ್ ಬಳಸಬೇಡಿ. 14 ದಿನ ಮಾತುಕತೆ ಇಲ್ಲದಿದ್ದರೆ ಅದು ಮತ್ತೆ ಹೋಗುತ್ತದೆ. ಒಮ್ಮೆ ಉತ್ತರಿಸಿದ ಹಿರಿಯರಿಗೆ ಅದೇ ಪ್ರಶ್ನೆ ಮತ್ತೆ ಬಂದರೆ ಬೇಸರವಾಗದೆ ಇರುತ್ತದೆಯೇ? ರಸೀದಿ ಪುಸ್ತಕದಲ್ಲಿ ಈ ಕೋಡ್ ಅಚ್ಚಾದ ಮೇಲೆ ಕ್ಯೂಆರ್ ರೀಸೆಟ್ ಒತ್ತಬಾರದು, ಹಳೆಯ ಕೋಡ್ ಕೆಲಸ ನಿಲ್ಲಿಸುತ್ತದೆ.

ಕೀಪ್ಯಾಡ್ ಫೋನಿನವರಿಗೆ ರಸೀದಿಯಲ್ಲೇ ಸುದ್ದಿಗೊಂದು, ಮನವಿಗೊಂದು ಎಂದು ಎರಡು ಖಾಲಿ ಚೌಕ ಇಡಿ, ಗುರುತು ಹಾಕುವವರು ಅವರೇ ಆಗಲಿ. ಮೊದಲೇ ಟಿಕ್ ಅಚ್ಚು ಹಾಕಿಸಿದರೆ ಅದು ಒಪ್ಪಿಗೆ ಅಲ್ಲ. 18 ತುಂಬದವರ ನಂಬರ್ ಸೇರಿಸುವ ಮುನ್ನ ತಂದೆ-ತಾಯಿಯ ಒಪ್ಪಿಗೆ ಬೇಕು.

ಒಂದೇ ಸಂದೇಶವನ್ನು ಹಲವರಿಗೆ ಬೇರೆ ಬೇರೆಯಾಗಿ ಕಳಿಸುವ ಬ್ರಾಡ್‌ಕಾಸ್ಟ್ ಲಿಸ್ಟ್‌ಗೆ 256 ಜನರ ಮಿತಿ. ಅದಕ್ಕಿಂತ ಮುಖ್ಯವಾದದ್ದು, ಟ್ರಸ್ಟ್‌ನ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಸಂದೇಶ ತಲುಪುತ್ತದೆ. "ಎಲ್ಲರಿಗೂ ಕಳಿಸಿದೆವು, ಯಾರೂ ಸ್ಪಂದಿಸಲಿಲ್ಲ" ಎಂಬ ಕೊರಗಿಗೆ ಎಷ್ಟೋ ಸಲ ಇದೇ ಕಾರಣ. ಹಾಗಾಗಿ ಮೊದಲ ಉತ್ತರದಲ್ಲೇ "ಈ ನಂಬರ್ ಸೇವ್ ಮಾಡಿಕೊಳ್ಳಿ" ಎಂದು ಸೇರಿಸಿ. ದಾನಿಗಳನ್ನೆಲ್ಲ ಒಂದು ಗ್ರೂಪಿಗೆ ತುಂಬುವ ಅಭ್ಯಾಸವನ್ನಂತೂ ದಯವಿಟ್ಟು ಬಿಡಿ. ಒಬ್ಬರ ನಂಬರ್ ಉಳಿದವರಿಗೆಲ್ಲ ಕಾಣುತ್ತದೆ.

ಆ್ಯಪ್ ಸೋಲುವುದು ದಾಖಲೆಯಲ್ಲಿ. ಚಾಟ್‌ಗೆ ಗುರುತು ಹಚ್ಚುವ ಲೇಬಲ್‌ಗಳು 20ರವರೆಗೆ ಸಿಗುತ್ತವೆ, ಆದರೆ "ಮನವಿಗೆ ಒಪ್ಪಿದ್ದಾರೆ" ಎಂಬ ಲೇಬಲ್ ನೋಡಿದರೆ ಯಾವಾಗ ಒಪ್ಪಿದರು, ಯಾವುದಕ್ಕೆ ಎಂಬುದು ತಿಳಿಯದು. ಚಾಟ್ ಅಳಿಸಿದರೆ ಸಾಕ್ಷಿಯೇ ಹೋಯಿತು. ಒಂದು ಎಕ್ಸೆಲ್ ಹಾಳೆ ಅಥವಾ ಲೆಡ್ಜರ್ ಇಡಲೇಬೇಕು: ಹೆಸರು, ನಂಬರ್, ಒಪ್ಪಿದ ದಿನ, 1 ಅಥವಾ 2, ಕ್ಯೂಆರ್‌ನಿಂದಲೋ ರಸೀದಿಯಿಂದಲೋ, ಭಾಷೆ, ನಿಲ್ಲಿಸಿದ ದಿನ. "ಸಾಕು" ಎಂದವರ ಲೇಬಲ್ ತೆಗೆದರೆ ಮುಗಿಯಲಿಲ್ಲ, ಬ್ರಾಡ್‌ಕಾಸ್ಟ್ ಲಿಸ್ಟ್‌ನಿಂದಲೂ ತೆಗೆಯಬೇಕು. ಹಾಳೆಯಲ್ಲಿ ಮಾತ್ರ ಅವರ ಸಾಲನ್ನು ಅಳಿಸದೆ ದಿನಾಂಕ ಬರೆದಿಡಿ. ಇಲ್ಲದಿದ್ದರೆ ಮುಂದಿನ ವರ್ಷ ಯಾರೋ ಹಳೆಯ ರಸೀದಿ ನೋಡಿ ಮತ್ತೆ ಸೇರಿಸುತ್ತಾರೆ. ತೆರಿಗೆ ವಿನಾಯಿತಿ ಸಿಗುವ (80ಜಿ) ದೇಣಿಗೆಯಾಗಿದ್ದರೆ, ತೆರಿಗೆ ಇಲಾಖೆಗೆ ಸಲ್ಲಿಸುವ ದಾನಿಗಳ ಪಟ್ಟಿಗೆ ಕೊಟ್ಟ ಪ್ಯಾನ್ ವಿವರ ತೆರಿಗೆ ಕಡತದಲ್ಲಿ ಉಳಿಯುತ್ತದೆ. ಸಂದೇಶ ನಿಲ್ಲಿಸುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಇನ್ನೂರು ಮುನ್ನೂರು ಬೆಂಬಲಿಗರಿರುವ ಟ್ರಸ್ಟ್‌ಗೆ ಈ ಆ್ಯಪ್ ಮತ್ತು ಒಂದು ಹಾಳೆ ಸಾಕು, ಧೈರ್ಯವಾಗಿ ಶಿಫಾರಸು ಮಾಡಬಹುದು. ಸಾವಿರ ದಾಟಿದರೆ ಸಂದೇಶಕ್ಕೆ ದುಡ್ಡು ತೆತ್ತು ಬಳಸುವ ವಾಟ್ಸಾಪ್ ಎಪಿಐ (ಬೇರೆ ಸಾಫ್ಟ್‌ವೇರ್ ಮೂಲಕ ವಾಟ್ಸಾಪ್ ಸಂದೇಶ ಕಳಿಸುವ ವ್ಯವಸ್ಥೆ) ಕಡೆ ಹೋಗಬೇಕಾಗುತ್ತದೆ. ಎರಡರಲ್ಲೂ ಸಿಮ್ ಟ್ರಸ್ಟ್ ಹೆಸರಿನಲ್ಲಿರಲಿ. ಕಾರ್ಯದರ್ಶಿಯ ಸ್ವಂತ ನಂಬರಿನಲ್ಲಿ ಶುರು ಮಾಡಿದರೆ, ಅವರು ಬಿಟ್ಟುಹೋದ ದಿನ ಒಪ್ಪಿಗೆಗಳೆಲ್ಲ ಅವರ ಫೋನಿನ ಜೊತೆ ಹೋಗುತ್ತವೆ.