ಡಿಶ್ ಎಲ್‌ಎನ್‌ಬಿ: ರೇಡಿಯೋಮೀಟರ್ ಕೆಲಸಕ್ಕೆ ಎಷ್ಟು ಗಟ್ಟಿ?

ಡಿಶ್ ಮುಂದೆ ಕೂತು ಸಿಗ್ನಲ್ ಹಿಡಿದು ಹಿಗ್ಗಿಸುವ ಡಬ್ಬಿಯೇ ಎಲ್‌ಎನ್‌ಬಿ. ಅದನ್ನೇ ರೇಡಿಯೋಮೀಟರ್, ಅಂದರೆ ಆಕಾಶ, ನೆಲ, ಚಂದ್ರ ಹೊರಸೂಸುವ ಉಷ್ಣ ವಿಕಿರಣ ಅಳೆಯುವ ಸಾಧನ, ಮಾಡಿಕೊಳ್ಳಬಹುದು. ಉಪಗ್ರಹ ಟಿವಿಯ ಯುನಿವರ್ಸಲ್ ಕೆಯು ಬ್ಯಾಂಡ್ ಎಲ್‌ಎನ್‌ಬಿಗಳ ಮೈಮೇಲೆ ‘ನಾಯ್ಸ್ ಫಿಗರ್ 0.1 ಡಿಬಿ’ (ಡಬ್ಬಿ ತಾನೇ ಸೇರಿಸುವ ಗದ್ದಲದ ಅಳತೆ) ಎಂದು ಅಚ್ಚಾಗಿರುವುದುಂಟು. ಕಿವಿಗೆ ಹೂವಿಡುವ ಮಾತು ಅದು. ಈ ಗದ್ದಲವನ್ನು ಉಷ್ಣತೆಯಾಗಿ ಹೇಳುವುದು ರೂಢಿ; 0.1 ಡಿಬಿ ಎಂದರೆ ಬರೀ 7 ಕೆಲ್ವಿನ್. ಅದು ನಿಜವಾಗಿದ್ದರೆ, ಹಾರ್ನನ್ನು, ಅಂದರೆ ಎಲ್‌ಎನ್‌ಬಿಯ ಬಾಯನ್ನು, ನೆಲದಿಂದ (ಸುಮಾರು 290 ಕೆಲ್ವಿನ್) ನೆತ್ತಿಯ ಮೇಲಿನ ತಿಳಿ ಆಕಾಶಕ್ಕೆ (ಸುಮಾರು 10) ತಿರುಗಿಸಿದೊಡನೆ ಪವರ್ 12 ಡಿಬಿ ಕುಸಿಯಬೇಕು. 6.5 ಡಿಬಿ ಇಳಿದರೆ ರಿಸೀವರಿನ ಸ್ವಂತ ನಾಯ್ಸ್ 70 ಕೆಲ್ವಿನ್ ಎಂದು ಲೆಕ್ಕ. ಅಷ್ಟು ಸಿಕ್ಕರೆ ಧಾರಾಳವಾಯಿತು.

ನಿಜವಾದ ದೌರ್ಬಲ್ಯ ಇರುವುದು ಗೇನ್‌ನಲ್ಲಿ (ಸಿಗ್ನಲ್ ಹಿಗ್ಗಿಸುವ ಪ್ರಮಾಣ). ಒಟ್ಟು 80 ಕೆಲ್ವಿನ್ ನಾಯ್ಸ್ (ರಿಸೀವರಿನ 70, ಆಕಾಶದ 10), 2 ಮೆಗಾಹರ್ಟ್ಸ್ ಬ್ಯಾಂಡ್, 1 ಸೆಕೆಂಡ್ ಸರಾಸರಿ: ರೇಡಿಯೋಮೀಟರ್ ಸೂತ್ರದ ಪ್ರಕಾರ (ನಾಯ್ಸನ್ನು ಬ್ಯಾಂಡ್ × ಸಮಯದ ವರ್ಗಮೂಲದಿಂದ ಭಾಗಿಸಿ) 0.06 ಕೆಲ್ವಿನ್‌ವರೆಗೆ ಗುರುತಿಸಬಹುದು. ಆದರೆ ಗೇನ್ 0.01 ಡಿಬಿ ಅಲುಗಿದರೂ 0.18 ಕೆಲ್ವಿನ್ ಏರುಪೇರು. ಎಲ್‌ಎನ್‌ಬಿ ಮೇಲೆ ಬಿಸಿಲು ಬಿದ್ದು ಹೋದರೆ ಅದಕ್ಕಿಂತ ಹೆಚ್ಚೇ ಅಲುಗುತ್ತದೆ. 60 ಸೆಂ.ಮೀ. ಡಿಶ್‌ನಲ್ಲಿ ಚಂದ್ರ ಕೊಡುವುದೇ ಮೂರು–ನಾಲ್ಕು ಕೆಲ್ವಿನ್. ಗೇನಿನ ಈ ಅಲುಗಾಟ (ಡ್ರಿಫ್ಟ್) ಅದನ್ನು ಸಲೀಸಾಗಿ ನುಂಗುತ್ತದೆ.

ಮದ್ದು ಸರಳ. ಎಲ್‌ಎನ್‌ಬಿಗೆ ಥರ್ಮೋಕೋಲ್ ಸುತ್ತಿ, ಅರ್ಧ ಗಂಟೆ ಚಾಲೂ ಇಟ್ಟು ಆಮೇಲೆ ಅಳೆಯಿರಿ. ನಿಮಿಷಕ್ಕೊಮ್ಮೆ ಹಾರ್ನಿನ ಮುಂದೆ ಮೈಕ್ರೋವೇವ್ ಹೀರುವ ಫೋಮ್ ಹಿಡಿದು ಹೋಲಿಸಿ ನೋಡಿ. 1946ರಲ್ಲಿ ಭೌತವಿಜ್ಞಾನಿ ರಾಬರ್ಟ್ ಡಿಕಿ ಸ್ವಿಚ್ ಬಳಸಿ ಆಂಟೆನಾ ಮತ್ತು ಗೊತ್ತಿರುವ ಉಷ್ಣತೆಯ ಮೂಲವನ್ನು ಸರದಿಯಲ್ಲಿ ಹೋಲಿಸಿದ್ದರ ಕೈಗೆಲಸದ ಆವೃತ್ತಿ ಇದು. ತಗಡು ಹಿಡಿದರೆ ಕೆಲಸ ಕೆಡುತ್ತದೆ, ಅದು ಎದುರಿಗಿರುವುದನ್ನು ಪ್ರತಿಫಲಿಸುತ್ತದೆಯೇ ಹೊರತು ತನ್ನ ಉಷ್ಣತೆಯನ್ನು ತೋರಿಸುವುದಿಲ್ಲ.

ವಿದ್ಯುತ್ತಿನ ವಿಷಯದಲ್ಲಿ ಎಚ್ಚರ. ಎಲ್‌ಎನ್‌ಬಿಗೆ 13 ಅಥವಾ 18 ವೋಲ್ಟ್ ಬೇಕು (ಧ್ರುವೀಕರಣ ಬದಲಾಗುವುದು ಇದರಿಂದಲೇ). ಅಳೆಯಲು ಬಳಸುವ ಎಸ್‌ಡಿಆರ್ ಡಾಂಗಲ್‌ನ (ಕಂಪ್ಯೂಟರಿಗೆ ಸಿಕ್ಕಿಸುವ ಪುಟ್ಟ ರೇಡಿಯೋ ರಿಸೀವರ್) ಬಯಾಸ್-ಟೀ (ಕೇಬಲ್‌ನಲ್ಲೇ ವಿದ್ಯುತ್ ಕಳಿಸುವ ಏರ್ಪಾಡು) ಕೊಡುವ 4.5 ವೋಲ್ಟ್ ಸಾಲದು. ಪ್ರತ್ಯೇಕ ಪವರ್ ಇನ್ಸರ್ಟರ್ ಹಾಕಿ, ಡಾಂಗಲ್ ಕಡೆಗೆ ಡಿಸಿ ಬ್ಲಾಕ್ (ಆ ವೋಲ್ಟೇಜ್ ಡಾಂಗಲ್‌ಗೆ ಹೋಗದಂತೆ ತಡೆಯುವ ಭಾಗ) ಇದೆಯೇ ಎಂದು ಮೀಟರ್‌ನಲ್ಲಿ ನೋಡದೆ ಜೋಡಿಸಬೇಡಿ, ಡಾಂಗಲ್ ಸುಟ್ಟೀತು. ಡಾಂಗಲ್‌ನ ಎಜಿಸಿ (ಗೇನನ್ನು ತಾನೇ ಹೊಂದಿಸುವ ವ್ಯವಸ್ಥೆ) ಆಫ್ ಇರಲೇಬೇಕು. ಅಳೆಯಬೇಕಾದ ವ್ಯತ್ಯಾಸವನ್ನೇ ಅದು ಅಳಿಸಿಹಾಕುತ್ತದೆ.

ಡಾಂಗಲ್ ಬದಲು ಎಡಿ8318 ಡಿಟೆಕ್ಟರ್ (ಪವರನ್ನು ವೋಲ್ಟೇಜ್ ಆಗಿ ತೋರಿಸುವ ಚಿಪ್) ಹಾಕಿದರೆ ಡಿಬಿಗೆ 25 ಮಿಲಿವೋಲ್ಟ್‌ನಂತೆ ಇಡೀ ಬ್ಯಾಂಡ್ ಸಿಗುತ್ತದೆ (ಪವರ್ ಏರಿದರೆ ವೋಲ್ಟೇಜ್ ಇಳಿಯುತ್ತದೆ, ಗಾಬರಿ ಬೇಡ). ಆದರೆ ಭೂಸ್ಥಿರ ಉಪಗ್ರಹಗಳ ಸಾಲು ಬೀಮಿಗೆ ಸಿಕ್ಕರೆ ಆ ರೀಡಿಂಗ್ ಉಪಗ್ರಹದ್ದು, ಆಕಾಶದ್ದಲ್ಲ. ಡಾಂಗಲ್‌ನಲ್ಲಾದರೆ ಖಾಲಿ ಆವರ್ತನ ಹುಡುಕಿಕೊಳ್ಳಬಹುದು.

ಪಿಎಲ್‌ಎಲ್ (ಆವರ್ತನ ಬಿಗಿಹಿಡಿಯುವ ಸರ್ಕ್ಯೂಟ್) ಇರುವ ಎಲ್‌ಎನ್‌ಬಿಗೆ ಹೆಚ್ಚು ಹಣ ಸುರಿಯುವ ಅಗತ್ಯವಿಲ್ಲ. ಅದು ಆವರ್ತನವನ್ನು ಸ್ಥಿರವಾಗಿಡುತ್ತದೆ, ಗೇನನ್ನಲ್ಲ. ಉಷ್ಣ ವಿಕಿರಣದಲ್ಲಿ ನಿರ್ದಿಷ್ಟ ಆವರ್ತನದ ಗೆರೆಗಳೇ ಇಲ್ಲದಿರುವಾಗ ಅದರಿಂದ ಲಾಭವೇನು? ಹಾರ್ನಿನ ಮುಚ್ಚಳದ ಮೇಲೆ ಇಬ್ಬನಿ ಕೂತಿದ್ದರೆ ಮೊದಲು ಒರೆಸಿ. ನೀರಿನ ತೆಳು ಪದರವೂ ಆಕಾಶವನ್ನು ಬಿಸಿಯಾಗಿ ತೋರಿಸುತ್ತದೆ.