ಅಲುಗಾಡದ ಕುದುರೆ ಅಂತ ನಂಬಿ ಹತ್ತುವ ಮುಂಚೆ ಅದರ ಬಾಯಿ ನೋಡಿ

ಎಡಗೈಗೆ ಪ್ಲಾಸ್ಟರ್ ಹಾಕಿದ್ದಾರೆ. ಬಲಗೈ ಒಂದರಲ್ಲೇ ಟೈಪ್ ಮಾಡುತ್ತಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಬೀದರ್ ಸುತ್ತಮುತ್ತ ಕುದುರೆ ಸವಾರಿ ಕಲಿಯುವ ಆಸೆ ಇರುವವರು ಇದನ್ನು ಓದಿಯೇ ದುಡ್ಡು ಕೊಡಿ.

ನಮ್ಮೂರಿಗೆ ಕುದುರೆ ಹೊಸದೇನಲ್ಲ. 15ನೇ ಶತಮಾನದಲ್ಲಿ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್ ಇಲ್ಲಿಗೆ ಬಂದು ಮಾರಿದ್ದೂ ಒಂದು ಕುದುರೆಯನ್ನೇ. ಆದರೆ ನಾನು ಹತ್ತಿರದಿಂದ ನೋಡಿದ್ದು ಮದುವೆ ಮೆರವಣಿಗೆಯ ಕುದುರೆ ಮಾತ್ರ.

ಊರ ಹೊರಗಿನ ಒಂದು ಬಯಲಲ್ಲಿ ಕಲಿಸುತ್ತಾರೆ ಅಂತ ಗೊತ್ತಾಗಿ ಹೋದೆ. ಹೆಸರು ಬೇಡ. ಅಲ್ಲಿದ್ದದ್ದು ಕಿವಿತುದಿ ಒಳಕ್ಕೆ ಬಾಗಿದ ಮಾರ್ವಾಡಿ ಕುದುರೆ, ರೇವಾಲ್ ಅನ್ನುವ ಚಾಲಿನದು. ಚಾಲು ಅಂದರೆ ಕುದುರೆ ಹೆಜ್ಜೆ ಹಾಕುವ ರೀತಿ. ಬೇರೆ ಕುದುರೆ ಸಣ್ಣ ಓಟ ಹಿಡಿದರೆ ಮುಂದಿನ ಎಡಗಾಲು, ಹಿಂದಿನ ಬಲಗಾಲು ಜೋಡಿಯಾಗಿ ಏಳುತ್ತವೆ. ಕೂತವರು ಹೆಜ್ಜೆ ಹೆಜ್ಜೆಗೂ ಎಗರುತ್ತಾರೆ. ರೇವಾಲ್‌ನಲ್ಲಿ ಒಂದೇ ಮಗ್ಗುಲಿನ ಕಾಲುಗಳು ಒಂದರ ಹಿಂದೊಂದು ಬೀಳುತ್ತವೆ, ತಕತಕ ತಕತಕ ಅಂತ. ಬೆನ್ನು ಅಲುಗುವುದೇ ಕಡಿಮೆ.

"ಹೆದರಬ್ಯಾಡ್ರಿ ಅಕ್ಕಾರ, ಚಾದ ಕಪ್ ಹಿಡ್ಕೊಂಡು ಕುಂತ್ರೂ ಚೆಲ್ಲಂಗಿಲ್ಲ" ಅಂದರು ಕಲಿಸುವವರು. ನಾಲ್ಕು ಪಾಠಕ್ಕೆ ಎರಡು ಸಾವಿರ ಮುಂಗಡ ಕೊಟ್ಟುಬಿಟ್ಟೆ.

ಅವರು ಹೇಳಿದ್ದು ಸುಳ್ಳಲ್ಲ. ಹತ್ತು ನಿಮಿಷ ಉಯ್ಯಾಲೆ ಮೇಲೆ ಕೂತ ಹಾಗೇ ಇತ್ತು. ನಾನು ಕೆಟ್ಟಿದ್ದೂ ಅಲ್ಲೇ. ಕುಲುಕಾಟ ಇಲ್ಲದಿದ್ದರೆ ವೇಗ ಗೊತ್ತಾಗಲ್ಲ, ಕಾಲು ಬಿಗಿಯಬೇಕು ಅಂತಲೂ ಅನ್ನಿಸಲ್ಲ. ಸವಾರಿ ಬಂದೇಬಿಟ್ಟಿತು ಅಂದುಕೊಂಡೆ! ಕಲಿಸುವವರೂ ಕುದುರೆಯನ್ನು ಹಿಡಿದಿದ್ದ ಹಗ್ಗ ಬಿಟ್ಟು ಫೋನ್ ಹಿಡಿದರು.

ರಸ್ತೆಯಲ್ಲಿ ಟ್ರ್ಯಾಕ್ಟರೊಂದು ಹಾರ್ನ್ ಹೊಡೆಯಿತು. ಕುದುರೆ ಚಾಲು ಬಿಟ್ಟು ಎಗರೆಗರಿ ಓಡತೊಡಗಿತು. ಗಾಬರಿಯಲ್ಲಿ ಯಾರಾದರೂ ಮಾಡುವುದನ್ನೇ ನಾನೂ ಮಾಡಿದೆ, ಲಗಾಮು ಜಗ್ಗಿದೆ. ಅದು ತಲೆ ಮೇಲಕ್ಕೆತ್ತಿ ಇನ್ನೂ ಜೋರಾಗಿ ಹಾರಿತು. ಜೀನನ್ನು ಬಿಗಿಯುವ, ಕುದುರೆ ಹೊಟ್ಟೆಯ ಪಟ್ಟಿ ಸಡಿಲ ಇತ್ತು ಅಂತ ಕಾಣುತ್ತೆ, ಜೀನು ಪಕ್ಕಕ್ಕೆ ಜಾರಿತು. ಕೆಂಪು ಕಲ್ಲುನೆಲದ ಮೇಲೆ ಕೈಯೂರಿ ಬಿದ್ದೆ. ಹೆಲ್ಮೆಟ್ ಕೊಟ್ಟಿರಲಿಲ್ಲ, ನಾನೂ ಕೇಳಿರಲಿಲ್ಲ. ಪುಣ್ಯಕ್ಕೆ ಚಪ್ಪಲಿ ಕಾಲು ರಿಕಾಪಿನಿಂದ, ಅಂದರೆ ಕಾಲಿಡುವ ಕಬ್ಬಿಣದ ಬಳೆಯಿಂದ, ಬಿಟ್ಟುಕೊಂಡಿತು. ಸಿಕ್ಕಿಕೊಂಡಿದ್ದರೆ ಕುದುರೆ ನನ್ನನ್ನು ಎಳೆದುಕೊಂಡೇ ಓಡುತ್ತಿತ್ತು. ಹಿಮ್ಮಡಿ ಇರುವ ಬೂಟು ಯಾಕೆ ಹಾಕುತ್ತಾರೆ ಅಂತ ಆಮೇಲೆ ತಿಳಿಯಿತು.

ಮಹಾರಾಷ್ಟ್ರದ ಮಾಳೆಗಾಂವ್ ಖಂಡೋಬಾ ಜಾತ್ರೆಗೆ ಕುದುರೆ ನೋಡಲೆಂದೇ ಹೋಗುತ್ತಿದ್ದ ನಮ್ಮ ಕಾಕಾ ಮನೆಗೆ ಬಂದರು. ಹತ್ತುವ ಮುಂಚೆ ತೆಗೆದ ಫೋಟೋ ತೋರಿಸಿದೆ. ನನ್ನ ಹೊಸ ಕುರ್ತಾ ಕಡೆ ನೋಡಲೂ ಇಲ್ಲ, ಕುದುರೆ ಬಾಯಿಯನ್ನೇ ದೊಡ್ಡದು ಮಾಡಿ ನೋಡಿದರು.

"ಮುಳ್ಳಿನ ಕಡಿವಾಣ ಹಾಕ್ಯಾರ ಇದಕ್ಕ. ನೀ ಜಗ್ಗಿದ್ರ ಅದು ನಿಂದರಂಗಿಲ್ಲವಾ, ನೋವಿಗೆ ಓಡ್ತದ."

ಕಡಿವಾಣ ಅಂದರೆ ಲಗಾಮಿಗೆ ಸೇರಿಸಿ ಕುದುರೆಯ ಬಾಯೊಳಗೆ ಇಡುವ ಕಬ್ಬಿಣ. ಬಾಯಿಯ ಎರಡೂ ಮೂಲೆ ಹರಿದಿದ್ದವು. ಗೊರಸಿನ ಮೇಲ್ಗಡೆ ಕೂದಲು ಉದುರಿ ಉಂಗುರದ ಹಾಗೆ ಕಲೆ. ಕೆಲವು ಕುದುರೆಗಳಿಗೆ ರೇವಾಲ್ ಹುಟ್ಟಿನಿಂದಲೇ ಬರುತ್ತದಂತೆ. ಬಾರದಿದ್ದರೆ ಒಂದೇ ಮಗ್ಗುಲಿನ ಮುಂಗಾಲು ಹಿಂಗಾಲಿಗೆ ಹಗ್ಗ ಕಟ್ಟಿ, ಬಾಯಿಗೆ ಮುಳ್ಳು ಹಾಕಿ ಚಾಲು ಕಲಿಸುವವರೂ ಇದ್ದಾರೆ. ಮುಳ್ಳಿನ ಕಡಿವಾಣವನ್ನು ಪ್ರಾಣಿ ಹಿಂಸೆ ತಡೆಯುವ ಕೇಂದ್ರದ 1965ರ ನಿಯಮಗಳೇ ನಿಷೇಧಿಸಿವೆ. ನಾನು ಚಾ ಚೆಲ್ಲದ ಸುಖದಲ್ಲಿ ಕೂತಿದ್ದೆ, ಕೆಳಗಿದ್ದ ಜೀವಕ್ಕೆ ಬಾಯಿ ತುಂಬ ಗಾಯ.

ಅದಕ್ಕೇ ಹೇಳುತ್ತಿರುವುದು. ಮೊದಲು ಲಗಾಮು ಬಿಚ್ಚಿಸಿ ಕಡಿವಾಣ ಕೈಯಲ್ಲಿ ಹಿಡಿದು ನೋಡಿ. ನುಣುಪಾಗಿರಬೇಕು. ತೋರಿಸಲು ಹಿಂದೆಮುಂದೆ ನೋಡಿದರೆ ವಾಪಸ್ ಬನ್ನಿ. ಹೊಟ್ಟೆಪಟ್ಟಿಯನ್ನು ನಿಮ್ಮೆದುರೇ ಬಿಗಿಸಲಿ. ಮೊದಲ ದಿನ ಹಗ್ಗ ಬಿಡುವವರ ಹತ್ತಿರ ಕಲಿಯಲೇಬೇಡಿ. ಮುಂಗಡವಂತೂ ಬೇಡವೇ ಬೇಡ.

ದುಡ್ಡು ವಾಪಸ್ ಕೇಳಿ ನಾಲ್ಕು ಸಲ ಫೋನ್ ಮಾಡಿದೆ. ನಿನ್ನೆ ವಾಟ್ಸ್ಯಾಪ್‌ನಲ್ಲಿ ಉತ್ತರ ಬಂತು: "ಇನ್ನಾ ಮೂರು ಪಾಠ ಬಾಕಿ ಅವ ಅಕ್ಕಾರ, ಕೈ ಆರಾಮ ಆದ ಮ್ಯಾಲ ಬರ್ರಿ."